ಎರಡನೇ ಕಣ್ಣು

ಕ್ಯಾನ್ಸರ್ ಮತ್ತು ರಕ್ತದ ಕಾಯಿಲೆಗಳ ವಾರ್ಡಿನಲ್ಲಿ ಆ ನರ್ಸಿಗೆ "ಇನ್ನೊಂದ್ಸಲ" ಅಂತ ಅಡ್ಡಹೆಸರು. ಔಷಧಿಯ ಚೀಟಿಯನ್ನು ಓದಿ, "ಇನ್ನೊಂದ್ಸಲ ನೋಡೋಣ" ಅನ್ನದೆ ಸೂಜಿ ಮುಟ್ಟಿದವಳೇ ಅಲ್ಲ. ಮನೆಯಲ್ಲೂ ಅದೇ ಕಥೆ. ಬೀಗ ಹಾಕಿ, ಬೀದಿಗಿಳಿದು, ಮತ್ತೆ ವಾಪಸ್ಸು ಬಂದು ಜಗ್ಗಿ ನೋಡುವಳು. "ಆ ಬೀಗಕ್ಕೂ ಮಾನ ಮರ್ಯಾದೆ ಇದೆ ಕಣೇ" ಎಂದು ಗಂಡ ರೇಗಿಸುತ್ತಿದ್ದ.

ಇವತ್ತು ಅವಳ ಸಂದರ್ಶನ. ಕ್ಯಾನ್ಸರ್ ಮತ್ತು ರಕ್ತದ ಕಾಯಿಲೆಗಳ ಆರೈಕೆಯಲ್ಲಿ ಸ್ನಾತಕೋತ್ತರ ಓದು ಓದುವ ನರ್ಸುಗಳಿಗೆಂದೇ ಒಂದು ವಿದ್ಯಾರ್ಥಿವೇತನವಿತ್ತು. ಅದು ಸಿಕ್ಕರೆ ಮನೆ ನಡೆಸುವ ಚಿಂತೆಯಿಲ್ಲದೆ ಎರಡು ವರ್ಷ ಓದಬಹುದು. ಅವಳ ಆಸ್ಪತ್ರೆಯಿಂದ ಈವರೆಗೆ ಯಾರಿಗೂ ಅದು ದಕ್ಕಿರಲಿಲ್ಲ. ವಯಸ್ಸಿನ ಮಿತಿಯ ಪ್ರಕಾರ ಅವಳಿಗೆ ಇದೇ ಕೊನೆಯ ಅವಕಾಶ. ದೊಡ್ಡ ಹುದ್ದೆಯ ಆಸೆಯೇನೂ ಅವಳಿಗಿರಲಿಲ್ಲ. ಒಂದೇ ಔಷಧಿ ಒಬ್ಬರನ್ನು ಎಬ್ಬಿಸಿ ಕೂರಿಸುತ್ತದೆ, ಪಕ್ಕದ ಹಾಸಿಗೆಯವರನ್ನು ನೆಲ ಕಚ್ಚಿಸುತ್ತದೆ. ಯಾಕೆ ಅಂತ ರೋಗಿಗಳು ಕೇಳಿದಾಗಲೆಲ್ಲ "ಡಾಕ್ಟರು ಹೇಳ್ತಾರೆ" ಎಂದು ಹೇಳಿ ಹೇಳಿ ಅವಳಿಗೆ ಬಾಯಿ ಸವೆದಿತ್ತು. ತನಗೇ ಗೊತ್ತಿರಬೇಕು ಅನ್ನುವ ಹಟ ಹತ್ತಿತ್ತು.

ಬೆಳಿಗ್ಗೆ ಅತ್ತೆ ಇಸ್ತ್ರಿ ಮಾಡಿಕೊಟ್ಟ ಬಟ್ಟೆ ತೊಟ್ಟು, ವಾರ್ಡಿಗೆ ಒಮ್ಮೆ ಮುಖ ತೋರಿಸಿ ಮೇಲಿನ ಮಹಡಿಯ ಸಂದರ್ಶನಕ್ಕೆ ಹೊರಟಿದ್ದಳು. ಹೊಸದಾಗಿ ಸೇರಿದ ನರ್ಸು ಹುಡುಗಿ ಕೂಗಿದಳು.

"ಅಕ್ಕ, ಒಂದ್ನಿಮಿಷ. ಟೈಲರಮ್ಮನ ಪಂಪಿಗೆ ಎರಡನೇ ಕಣ್ಣು ಬೇಕಿತ್ತು."

ಎರಡನೇ ಕಣ್ಣು ಅಂದರೆ ಅಲ್ಲಿಯ ಮಾತಿನಲ್ಲಿ ಇಷ್ಟೇ: ಕ್ಯಾನ್ಸರ್ ಔಷಧಿಯನ್ನು ಒಬ್ಬಳೇ ನೋಡಿ ಹರಿಸುವಂತಿಲ್ಲ, ಇನ್ನೊಬ್ಬಳೂ ನೋಡಿ ಸರಿ ಅನ್ನಬೇಕು. ಟೈಲರಮ್ಮ ಅಂದರೆ ಕಿಟಕಿ ಪಕ್ಕದ ಹಾಸಿಗೆಯ ಐವತ್ತು ದಾಟಿದ ಹೆಂಗಸು. ಹೊಲಿಗೆ ಅಂಗಡಿ ಇಟ್ಟುಕೊಂಡವಳು, ಬಾಯಿ ಜೋರು. ಅವಳ ಎದೆಯ ನಳಿಕೆಗೆ ಔಷಧಿಯ ಚೀಲವೊಂದನ್ನು ಜೋಡಿಸಲಾಗಿತ್ತು. ಪಂಪು ಅದನ್ನು ನಾಲ್ಕು ದಿನ ನಿಧಾನವಾಗಿ ಇಳಿಸಬೇಕಿತ್ತು.

ಸಂದರ್ಶನಕ್ಕೆ ಹೊರಟವಳು ಚೀಟಿಯ ಸಂಖ್ಯೆ ನೋಡಿದಳು, ಪಂಪಿನ ಪರದೆಯ ಸಂಖ್ಯೆ ನೋಡಿದಳು. ಎರಡೂ ಒಂದೇ. ಇನ್ನೊಂದ್ಸಲ ನೋಡಿದಳು. ಒಂದೇ.

"ಸರಿ ಇದೆ" ಅಂದಳು.

"ಅಕ್ಕ, ಸ್ಕಾಲರ್‌ಶಿಪ್ ಸಿಕ್ರೆ ನಮ್ಮನ್ನೆಲ್ಲ ಮರೀಬೇಡಿ."

"ಮೊದಲು ಸಿಗ್ಲಿ ಇರೇ" ಎಂದು ನಗುತ್ತಾ ಮೇಲೆ ಹೋದಳು.

ಸಂದರ್ಶನದ ಕೋಣೆಯ ಹೊರಗೆ ಗುಮಾಸ್ತ ಎಲ್ಲರ ಫೋನುಗಳನ್ನೂ ಬುಟ್ಟಿಗೆ ಹಾಕಿಸಿಕೊಂಡ. "ಒಳಗೆ ಹೋದ ಮೇಲೆ ಮಧ್ಯದಲ್ಲಿ ಎದ್ದು ಬಂದ್ರೆ ಮತ್ತೆ ಕರೆಯಲ್ಲ. ಊಟ ಆದ ತಕ್ಷಣ ಇವರೆಲ್ಲ ಬೇರೆ ಊರಿಗೆ ಹೊರಡ್ತಾರೆ" ಅಂದ. ಮುಂದಿದ್ದವರು ಒಬ್ಬೊಬ್ಬರಾಗಿ ಮುಗಿಸಿ ಬರುವಷ್ಟರಲ್ಲಿ ಎರಡು ಗಂಟೆ ಕಳೆದುಹೋಗಿತ್ತು.

ಒಳಗೆ ಮೂವರು. ನಡುವೆ ಬೆಳ್ಳಗೆ ಕೂದಲು ನರೆತ ಪ್ರೊಫೆಸರಮ್ಮ. ಅಂಚಿನಲ್ಲಿ ಅವಳದೇ ಆಸ್ಪತ್ರೆಯ ಮೇಟ್ರನ್, ಅಂದರೆ ನರ್ಸುಗಳ ಮೇಲಧಿಕಾರಿ. ಅವಳನ್ನು ಈ ಕುರ್ಚಿಯ ತನಕ ಕೈಹಿಡಿದು ಕರೆತಂದವರೇ ಅವರು. ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಮೇಟ್ರನ್ ಮುಖ ಅರಳಿತು.

ಪ್ರೊಫೆಸರಮ್ಮ ಕನ್ನಡಕ ತೆಗೆದರು. "ಇಬ್ಬರು ನರ್ಸುಗಳು ನೋಡಿದ್ದಾರೆ. ಇಬ್ಬರೂ ಸರಿ ಅಂದಿದ್ದಾರೆ. ಆದರೂ ತಪ್ಪಾಗಿದೆ. ಹೇಗೆ ಸಾಧ್ಯ?"

"ಇಬ್ಬರೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕು ಮೇಡಂ. ಒಬ್ಬಳು ತೋರಿಸಿದ್ದನ್ನೇ ಇನ್ನೊಬ್ಬಳು ನೋಡಿದ್ರೆ, ಇಬ್ಬರ ಕಣ್ಣೂ ಒಂದೇ ಕಡೆ..."



ಬೆಳಿಗ್ಗೆ ನೋಡಿದ ಪಂಪು ಅವಳ ಕಣ್ಣಿಗೆ ಕಟ್ಟಿತು. ನೀಲಿ ಬಣ್ಣದ್ದು. ಹಳೆಯವು ಬೂದು ಬಣ್ಣದವು, ಅವಕ್ಕೆ ಒಂದು ದಿನಕ್ಕೆ ಎಷ್ಟು ಹರಿಯಬೇಕೆಂದು ಒತ್ತಬೇಕು. ಈ ವಾರ ಬಂದ ನೀಲಿಯವು ಕೇಳುವುದು ಒಂದು ಗಂಟೆಗೆ ಎಷ್ಟು ಎಂದು. ಚೀಟಿಯಲ್ಲಿದ್ದದ್ದು ದಿನದ ಲೆಕ್ಕ. ಹುಡುಗಿ ಅದನ್ನೇ ಒತ್ತಿದ್ದಳು. ಇವಳು ಎರಡು ಸಲ ನೋಡಿದ್ದು ಬರೀ ಸಂಖ್ಯೆಯನ್ನು. ಅದರ ಪಕ್ಕದ ಪುಟ್ಟ ಅಕ್ಷರಗಳ ಕಡೆ ಕಣ್ಣೇ ಹಾಯಿಸಿರಲಿಲ್ಲ. ನಾಲ್ಕು ದಿನದ ಔಷಧಿ ನಾಲ್ಕು ಗಂಟೆಯಲ್ಲಿ ಟೈಲರಮ್ಮನ ಮೈಗೆ ಸೇರಿಬಿಡುತ್ತದೆ.

"ಯಾಕಮ್ಮಾ, ಹುಷಾರಿಲ್ವಾ?" ಅಂದರು ಪ್ರೊಫೆಸರಮ್ಮ.

ಒಂದು ಕ್ಷಣ ಕೆಟ್ಟ ಯೋಚನೆ ಬಂತು. ಇನ್ನೆರಡು ಪ್ರಶ್ನೆ ಇರಬಹುದು, ಮುಗಿಸಿಯೇ ಓಡಿದರೆ? ಮರುಕ್ಷಣ ಆ ಯೋಚನೆಗೆ ಅವಳಿಗೇ ಹೇಸಿಗೆಯಾಯಿತು.

"ವಾರ್ಡಿಗೆ ಹೋಗ್ಬೇಕು ಮೇಡಂ. ಈಗಲೇ."

ಮೇಟ್ರನ್ ಅರ್ಧ ಎದ್ದು ಕಣ್ಣಲ್ಲೇ ಗದರಿದರು. ಅವಳು ತಿರುಗಿ ನೋಡಲಿಲ್ಲ. ಹೊರಗಿದ್ದ ಗುಮಾಸ್ತನಿಗೆ "ವಾರ್ಡಿಗೆ ಫೋನ್ ಮಾಡಿ, ಟೈಲರಮ್ಮನ ಪಂಪು ನಿಲ್ಲಿಸಕ್ಕೆ ಹೇಳಿ" ಎಂದು ಮೆಟ್ಟಿಲ ಕಡೆ ಓಡಿದಳು. ಅವನು ಯಾವ ಟೈಲರಮ್ಮ, ಯಾವ ಪಂಪು ಎಂದು ಕೇಳುತ್ತಲೇ ಇದ್ದ. ಚಪ್ಪಲಿ ಜಾರುತ್ತಿತ್ತು, ಕಳಚಿ ಕೈಯಲ್ಲಿ ಹಿಡಿದಳು. ನಿಂತಿರಲಿ ದೇವರೇ, ಕೆಟ್ಟಾದರೂ ನಿಂತಿರಲಿ ಎಂದು ಆ ಹೊಸ ಪಂಪಿಗೆ ಶಾಪ ಹಾಕುತ್ತಾ ಇಳಿದಳು.

ಪಂಪು ಕೆಟ್ಟಿರಲಿಲ್ಲ. ಹೊಸದಲ್ಲವೇ, ಚೆನ್ನಾಗಿಯೇ ಓಡುತ್ತಿತ್ತು.

ನಿಲ್ಲಿಸಿದಳು. ನಳಿಕೆಗೆ ಕ್ಲಿಪ್ ಹಾಕಿದಳು. ಚೀಲದಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು.

"ಇಷ್ಟು ಬೇಗ ಮುಗೀತಾ ಬಂತಲ್ಲ ಸಿಸ್ಟರಮ್ಮ" ಎಂದಳು ಟೈಲರಮ್ಮ. "ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಸರಸರ ಇಳೀತಾ ಇದೆ. ಈ ಸಲ ನಾಳೆನೇ ಮನೆಗೆ ಹೋಗಬಹುದು ಅಂತ ಮಗಳಿಗೂ ಹೇಳ್ಬಿಟ್ಟೆ."

ಅವಳು ಡಾಕ್ಟರನ್ನು ಕರೆದು, ಪಂಪು ದಿನದ ಬದಲು ಗಂಟೆಯ ಲೆಕ್ಕದಲ್ಲಿ ಓಡಿದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಡಾಕ್ಟರ ಮುಖ ಬಿಳುಚಿತು. ಆ ಔಷಧಿಯ ಆರ್ಭಟ ಇಳಿಸುವ ಮದ್ದೊಂದಿದೆ, ಆದರೆ ಅದು ಇಲ್ಲಿಲ್ಲ. ಬೇರೆ ಆಸ್ಪತ್ರೆಯಿಂದ ತರಿಸಲು ಫೋನಿನ ಮೇಲೆ ಫೋನು ಹೋಯಿತು. ಒಂದು ಕಡೆ ಇದೆ ಅಂದರು, ಗಾಡಿ ಹೊರಟಿತು. "ಸಂಜೆಯೊಳಗೆ ಕೊಡ್ಬಹುದು. ಉಳಿದದ್ದು ಒಂದು ವಾರ ಕಾದು ನೋಡ್ಬೇಕು. ಬಾಯಿ, ಕರುಳು, ರಕ್ತ, ಯಾವುದಕ್ಕೆ ಎಷ್ಟು ಪೆಟ್ಟು ಬೀಳುತ್ತೋ ಈಗಲೇ ಹೇಳಕ್ಕಾಗಲ್ಲ" ಎಂದರು ಡಾಕ್ಟರು.

ಔಷಧಿ ಬೆರೆಸುವ ಕೋಣೆಯಲ್ಲಿ ಹುಡುಗಿ ಗೋಡೆಗೊರಗಿ ನಿಂತಿದ್ದಳು. ಅಳು ಕೂಡ ಬರುತ್ತಿರಲಿಲ್ಲ ಅವಳಿಗೆ.

ಅಷ್ಟರಲ್ಲಿ ಮೇಟ್ರನ್ ಏದುಸಿರು ಬಿಡುತ್ತಾ ಇಳಿದು ಬಂದರು. ವಿಷಯ ತಿಳಿದು, ವಾರ್ಡಿನ ಫೋನಿನಿಂದ ಮೇಲಿನ ಸಂದರ್ಶನದ ಕೋಣೆಗೆ ಮಾತಾಡಿದರು. ಆಮೇಲೆ ಇವಳ ತೋಳು ಹಿಡಿದು ಔಷಧಿ ಕೋಣೆಯ ಬಾಗಿಲಿನ ಮರೆಗೆ ಕರೆದೊಯ್ದರು.

"ಪಂಪಿನ ದಾಖಲೆಯಲ್ಲಿ ಹೆಸರು ಆ ಹುಡುಗಿ ಒಬ್ಬಳದೇ ಇದೆ. ನೀನು ಡ್ಯೂಟಿಯಲ್ಲೇ ಇರ್ಲಿಲ್ಲ. ತಪ್ಪು ಗೊತ್ತಾಗಿ ಓಡಿ ಬಂದವಳು ನೀನು, ಹಾಗಂತಲೇ ಮೇಲೆ ಹೇಳಿದೀನಿ. ಪ್ರೊಫೆಸರು ಮೆಚ್ಕೊಂಡ್ರು, ಕಾಯ್ತೀನಿ ಅಂದ್ರು. ಮುಖ ತೊಳ್ಕೊಂಡು ಬಾ."

"ನಾನು ಸರಿ ಅಂದಿದ್ದೆ ಮೇಡಂ."

"ಯಾರು ಕೇಳಿಸ್ಕೊಂಡ್ರು?"

ಹುಡುಗಿ ತಲೆ ಎತ್ತಲಿಲ್ಲ. ಅಕ್ಕ ಸರಿ ಅಂದರು ಅಂತ ಅವಳು ಇನ್ನೂ ಯಾರಿಗೂ ಬಾಯಿಬಿಟ್ಟಿರಲಿಲ್ಲ, ಬಿಡುವ ಹಾಗೂ ಕಾಣಲಿಲ್ಲ.

ಮೇಟ್ರನ್ ಕೆಟ್ಟವರಲ್ಲ. ಒಬ್ಬಳಾದರೂ ಇಲ್ಲಿಂದ ಹೋಗಿ ಕಲಿತು ಬರಲಿ ಎಂದು ವರ್ಷಗಟ್ಟಲೆ ಆಸೆಪಟ್ಟವರು. ಅದು ಗೊತ್ತಿದ್ದದ್ದರಿಂದಲೇ ಇವಳಿಗೆ ಇಲ್ಲ ಅನ್ನುವುದು ಇನ್ನೂ ಕಷ್ಟವಾಯಿತು. ಮೇಲೆ ಒಂದು ಕುರ್ಚಿ ಖಾಲಿ ಕಾಯುತ್ತಿದೆ. ಮಾತಾಡದೆ ಮೆಟ್ಟಿಲು ಹತ್ತಿದರೆ ಸಾಕು. ಅವಳಿಗೆ ಆ ಓದು ಬೇಕಾಗಿತ್ತು. ಈಗಲೂ, ಈ ಗಳಿಗೆಯಲ್ಲೂ, ಹೊಟ್ಟೆ ಹಸಿದ ಹಾಗೆ ಬೇಕಾಗಿತ್ತು.

"ಇವಳು ಕರೆದಳು, ನಾನು ನೋಡ್ದೆ. ತಪ್ಪಿನ ವರದಿ ಬರೆಯೋದಾದ್ರೆ ಇಬ್ಬರ ಹೆಸರೂ ಬರೀರಿ" ಅಂದಳು. ಹುಡುಗಿಯ ಕೈ ಹಿಡಿದುಕೊಂಡು ಟೈಲರಮ್ಮನ ಹಾಸಿಗೆಯ ಹತ್ತಿರ ಹೋದಳು. ಡಾಕ್ಟರೂ ಹಿಂದೆ ಬಂದರು.

"ಅಮ್ಮಾ, ಔಷಧಿ ಬೇಗ ಮುಗೀಬಾರದಿತ್ತು. ನಾಲ್ಕು ದಿನ ಹೋಗ್ಬೇಕಾದದ್ದು ಬೆಳಿಗ್ಗೆನೇ ಅರ್ಧಕ್ಕಿಂತ ಜಾಸ್ತಿ ಹೋಗಿದೆ. ನಾವಿಬ್ಬರೂ ನೋಡಿದ್ವಿ, ಇಬ್ಬರೂ ತಪ್ಪು ನೋಡಿದ್ವಿ. ಇದರಿಂದ ನಿಮಗೆ ತುಂಬಾ ತೊಂದರೆ ಆಗಬಹುದು. ಬೇರೆ ಮದ್ದು ಬರ್ತಾ ಇದೆ."

ಟೈಲರಮ್ಮ ಖಾಲಿಯಾಗುತ್ತಾ ನಿಂತ ಚೀಲದ ಕಡೆ ನೋಡಿದಳು, ಇವಳ ಇಸ್ತ್ರಿ ಮಾಡಿದ ಬಟ್ಟೆಯ ಕಡೆ ನೋಡಿದಳು.

"ನಿಂಗೆ ಇವತ್ತು ಏನೋ ಪರೀಕ್ಷೆ ಅಂತಿದ್ರಲ್ಲ?"

"ಹೌದು. ಅರ್ಧಕ್ಕೆ ಎದ್ದು ಬಂದೆ."

"ನಾನು ರವಿಕೆ ತಪ್ಪು ಹೊಲಿದ್ರೆ ಬಿಚ್ಚಿ ಮತ್ತೆ ಹೊಲೀತೀನಿ" ಅಂದಳು ಟೈಲರಮ್ಮ. "ಇದನ್ನ ಬಿಚ್ಚಕ್ಕಾಗುತ್ತಾ?"

ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಪೂರ್ತಿ ಆಗಲ್ಲ ಅಮ್ಮ."

"ಹಾಗಾದ್ರೆ ಎಲ್ಲಿಗೂ ಹೋಗ್ಬೇಡ. ಏನಾಗುತ್ತೋ, ನೀನೇ ಕೂತು ನೋಡು."

ಬಾಗಿಲಲ್ಲಿ ಮೇಟ್ರನ್ ಇನ್ನೂ ನಿಂತಿದ್ದರು. ಅವಳು ಅತ್ತ ತಿರುಗಿ, "ಕಾಯೋದು ಬೇಡ ಅಂತ ಹೇಳ್ಬಿಡಿ ಮೇಡಂ" ಅಂದಳು. ಆಮೇಲೆ ಸ್ಟೂಲು ಎಳೆದು ಹಾಸಿಗೆಯ ಪಕ್ಕ ಕೂತು, ಟೈಲರಮ್ಮನ ನಾಡಿ ಹಿಡಿದಳು. ಟೈಲರಮ್ಮ ಮುಖ ಆಚೆ ತಿರುಗಿಸಿಕೊಂಡಳು, ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.