ಗೆರೆಯ ಗುಂಟ ನಡೆದ ಫುವಾಟಿನೋ

ಫುವಾಟಿನೋ ರಗ್ಬಿ ಪಂದ್ಯವನ್ನು ಕುಳಿತು ನೋಡಿದ್ದನ್ನು ನಾನು ಕಂಡೇ ಇಲ್ಲ. ಚೆಂಡು ಮೈದಾನದೊಳಗೆ ಎತ್ತ ಓಡುವುದೋ ಹೊರಗೆ ಗೆರೆಯ ಗುಂಟ ಅತ್ತಲೇ ಆಕೆಯೂ, ಅರವತ್ತೆರಡು ವರ್ಷದ ಸ್ಥೂಲಕಾಯವನ್ನು ಹೊತ್ತು, ಒಳಮುಖವಾಗಿ ತಿರುಗಿದ ಪಾದಗಳನ್ನು ಪಟಪಟನೆ ಎತ್ತಿಡುತ್ತ, ಹೂವಿನ ಉಡುಪಿನ ಮೇಲೆ ಗತಿಸಿದ ಗಂಡನ ಕರಿಯ ಕೋಟು ತೊಟ್ಟು, ಸಮುದ್ರತೀರದ ಆ ಉರಿಬಿಸಿಲಿನಲ್ಲಿ ಸ್ವೇದಧಾರೆಯಿಂದ ತೊಯ್ಯುತ್ತ ನಡೆಯುತ್ತಿದ್ದಳು. ಚರ್ಚಿಗೆಂದು ಹೊಲಿಸಿದ ಕೋಟನ್ನು ಶನಿವಾರದ ಆಟಕ್ಕೆ ತೊಡುವುದು ಯೋಗ್ಯವೇ ಎಂದು ಪಾದ್ರಿಗಳು ಒಮ್ಮೆ ಆಕ್ಷೇಪಿಸಿದಾಗ ಆಕೆ ಹೇಳಿದಳಂತೆ: “ಓಕಾ! ಅಲ್ಲಿ ನೋಡೋನೇ ಇಲ್ಲೂ ನೋಡ್ತಿರ್ತಾನಲ್ವಾ ಪಾದ್ರಿಗಳೇ?”

‘ಓಕಾ’ ಎಂಬ ಉದ್ಗಾರವಿಲ್ಲದೆ ಆಕೆಯ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಸ್ವಯಂಸೇವಕನಾಗಿ ದೂರದ ದ್ವೀಪವೊಂದರ ಫಾಗಾಲುಪೆ ಎಂಬ ಊರಿನ ಶಾಲೆಯಲ್ಲಿ ಲೆಕ್ಕ ಕಲಿಸಲು ಹೋಗಿ, ಎರಡು ವರ್ಷದ ಬದಲು ಆರು ವರ್ಷ ಉಳಿದ ನನಗೆ ಆ ಆಟದ ಅ ಆ ಇ ಈ ಹೇಳಿಕೊಟ್ಟವಳು ಆಕೆಯೇ. ಪ್ರತಿ ಶನಿವಾರ ಆಕೆಯ ಹಿಂದೆ ಹಿಂದೆ ಗೆರೆಯ ಗುಂಟ ನಾನೂ ಓಡುತ್ತಿದ್ದೆ. ನಮ್ಮವರು ತಪ್ಪಿದಾಗಲೇ ಆಕೆಯ ಕಂಠ ಹೆಚ್ಚು ಏರುತ್ತಿತ್ತು. “ಓಕಾ! ಚೆಂಡು ಮುಂದಕ್ಕೆ ಹೋಯ್ತು, ತಪ್ಪು! ನಮ್ಮೋನೇ ಎಸೆದಿದ್ದು, ಊದಯ್ಯಾ ಸೀಟಿ!” ಊರವರು ಬಿದ್ದು ಬಿದ್ದು ನಗುತ್ತಿದ್ದರು. ಅದು ವಿನೋದವೆಂದೇ ಅವರು ತಿಳಿದಿದ್ದರು.

ನೆರೆಯ ವಾಯ್‌ಗಾಲು ತಂಡದೊಂದಿಗೆ ನಡೆದ ಪಂದ್ಯದಲ್ಲಿ ಅದು ವಿನೋದವಲ್ಲವೆಂದು ಗೊತ್ತಾಯಿತು. ಹತ್ತಾರು ಆಳುಗಳು ಚೆಂಡಿನ ಮೇಲೆ ಗುಡ್ಡೆಯಾಗಿ ಬಿದ್ದಿದ್ದರು. ರೆಫರಿ ಆಚೆ ಬದಿಯಲ್ಲಿದ್ದ. ನಮ್ಮ ನಾಯಕ ನಟಾನೋ, ಫುವಾಟಿನೋಳ ತಂಗಿಯ ಮಗ, ಆಕೆಯ ಮಡಿಲಲ್ಲೇ ಬೆಳೆದವನು, ಎದುರಾಳಿ ಸಿಯಾವೋಸಿಗೆಂದು ಬೀಸಿದ ಮೊಣಕೈ ಗುರಿ ತಪ್ಪಿ ನಮ್ಮವನೇ ಆದ ಅಪೇಲುವಿನ ಬಾಯಿಗೆ ಬಡಿಯಿತು. ಎರಡು ಹಲ್ಲು ಉದುರಿದವು. ಸೀಟಿ ಊದಿದ ಕ್ಷಣದಲ್ಲಿ ನಟಾನೋ ಬೆರಳು ತೋರಿಸಿದ್ದು ಸಿಯಾವೋಸಿಯ ಕಡೆಗೆ. ರೆಫರಿ ಸಿಯಾವೋಸಿಗೆ ಕೆಂಪು ಕಾರ್ಡು ತೋರಿಸಿ ಹೊರಗಟ್ಟಿದ, ವಾರದೊಳಗೆ ಎರಡು ವರ್ಷದ ನಿಷೇಧವೂ ಬಂತು. ದ್ವೀಪದ ತಂಡಕ್ಕೆ ಆಗಷ್ಟೇ ಆಯ್ಕೆಯಾಗಿದ್ದವನು ಅವನು.

ಗೆರೆಯ ಪಕ್ಕದಲ್ಲಿದ್ದ ನಾವಿಬ್ಬರೂ ಅದನ್ನು ಕಣ್ಣಾರೆ ಕಂಡಿದ್ದೆವು.

“ಪೇಟೆಗೆ ಹೋಗಿ ಆಟದ ಕಚೇರೀಲಿ ಹೇಳ್ಬೇಕು, ನಡೀರಿ,” ಎಂದಳು.

“ನಾನು ಈ ಊರಿನ ಅತಿಥಿ, ಅಮ್ಮಾ. ನಾನು ಹೇಗೆ ಹೇಳಲಿ?”

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅತಿಥಿಗೆ ಹೊಟ್ಟೆ ಮಾತ್ರ ಇರತ್ತಾ ಮೇಷ್ಟ್ರೇ, ಕಣ್ಣಿರಲ್ವಾ?”

ಒಬ್ಬಳೇ ಹೋದಳು. ಕಚೇರಿಯ ದೊಡ್ಡ ಮನುಷ್ಯರು ನಕ್ಕರಂತೆ. “ಮನೆಗೆ ಹೋಗಿ ಟಾರೋ ಗೆಡ್ಡೆ ಬೇಯ್ಸಜ್ಜಿ, ಆಟ ನಾವು ನೋಡ್ಕೋತೀವಿ.” ಮರುವಾರ ಮತ್ತೆ ಹೋದಳು, ಬಾಗಿಲಲ್ಲೇ ಕಾಯಿಸಿ ಕಳಿಸಿದರು. ಅಷ್ಟು ದಿನವೂ ನನ್ನೊಡನೆ ಮಾತಿಲ್ಲ. ಮೂರನೆಯ ಸಲ ಆಕೆ ಬಸ್ಸು ಹತ್ತಿದಾಗ ನಾನೂ ಹತ್ತಿ ಪಕ್ಕದಲ್ಲಿ ಕುಳಿತೆ. ಆಕೆ ಕಿಟಕಿಯ ಕಡೆಗೆ ಸರಿದು ಜಾಗ ಮಾಡಿಕೊಟ್ಟಳು. ಇಬ್ಬರೂ ನಿಂತು ಹೇಳಿದೆವು. ಒಬ್ಬ ಮೇಷ್ಟರ ಬಾಯಿಂದ ಬಂದಾಗ ಮಾತ್ರ ಆ ಮಾತು ಅವರಿಗೆ ಸತ್ಯವಾಗಿ ಕೇಳಿಸಿತು, ನಿಷೇಧ ರದ್ದಾಯಿತು.

ಋತುವಿನ ಅಂತಿಮ ಪಂದ್ಯದಲ್ಲಿ ನಮ್ಮ ಮೂವರನ್ನು ಕೊಡವಿಕೊಂಡು ಓಡಿ ನಮ್ಮ ತುದಿಯ ಗೆರೆಯಾಚೆ ಚೆಂಡನ್ನು ಊರಿ ಅಂಕ ಗೆದ್ದವನು ಅದೇ ಸಿಯಾವೋಸಿ. ನಾವು ಸೋತೆವು. ಮಂಗಳವಾರ ಮುಖಂಡರ ಸಭೆ ಸೇರಿತು.

“ಊರಿನ ಮಾನ ಕಳೆದೆ, ಫುವಾಟಿನೋ,” ಎಂದರು ಹಿರಿಯರು.

“ಓಕಾ! ಮಾನ ಹೋಗಿದ್ದು ನಮ್ಮ ಹುಡುಗ ಸುಳ್ಳು ಬೆರಳು ತೋರ್ಸಿದ ದಿನ, ಯಜಮಾನ್ರೇ. ನಾನು ಬಾಯಿ ಬಿಟ್ಟ ದಿನ ಅಲ್ಲ.”

ಒಂದು ವರ್ಷ ಮೈದಾನಕ್ಕೆ ಕಾಲಿಡಕೂಡದು ಎಂದು ತೀರ್ಪಾಯಿತು. ನಾನು ಎದ್ದು, ಸಾಕ್ಷಿ ನುಡಿದವನು ನಾನೂ ಹೌದು, ನನಗೂ ಅದೇ ಶಿಕ್ಷೆಯಾಗಲಿ ಎಂದೆ. ಅವರು ಸೌಜನ್ಯದಿಂದ ನಕ್ಕು ನನ್ನ ಕೈಗೊಂದು ಎಳನೀರು ಕೊಟ್ಟರು. “ನೀವು ಅತಿಥಿಗಳು, ಮೇಷ್ಟ್ರೇ.” ಅಷ್ಟು ಕಹಿಯಾದ ಎಳನೀರನ್ನು ನಾನು ಜನ್ಮದಲ್ಲಿ ಕುಡಿದಿಲ್ಲ.

ಅಲ್ಲಿನ ಎಲ್ಲ ಮನೆಗಳಂತೆ ಕಂಬಗಳ ಮೇಲಷ್ಟೇ ನಿಂತ, ಗೋಡೆಯಿಲ್ಲದ ಆಕೆಯ ಮನೆಯಿಂದ ಮೈದಾನ ಕಾಣುವುದಿಲ್ಲ, ಕೇಳಿಸುತ್ತದೆ. ಕೇಕೆ ಎದ್ದಾಗಲೆಲ್ಲ ಚಾಪೆ ಹೆಣೆಯುವ ಕೈಗಳು ತಡೆದು ನಿಲ್ಲುತ್ತಿದ್ದವು ಎಂದು ನೆರೆಯವರು ಹೇಳುತ್ತಿದ್ದರು. ಪಂದ್ಯ ಮುಗಿದೊಡನೆ ನಾನು ಹೋಗಿ ವರದಿ ಒಪ್ಪಿಸುತ್ತಿದ್ದೆ.

“ಚೆಂಡು ಹೊರಗೆ ಬಂದಾಗ ಎಡಗಡೆ ಯಾರಿದ್ರು?”

“ಗಮನಿಸಲಿಲ್ಲ.”

“ಓಕಾ! ಹಾಗಾದ್ರೆ ಅಲ್ಲಿಗ್ ಹೋಗಿ ಏನ್ ಕಡಿದ್ರಿ?”

ಒಂದು ದಿನ ಸಿಯಾವೋಸಿ ತಾಯಿಯೊಡನೆ ಬಂದ. ಮದುವೆ ಸಾವುಗಳಲ್ಲಷ್ಟೇ ಹೊರಬರುವ ನಯವಾದ ಚಾಪೆಯೊಂದನ್ನು ಆಕೆಯ ಮುಂದೆ ಬಿಡಿಸಿಟ್ಟು ತಲೆ ಬಾಗಿಸಿ ಕುಳಿತ. ಆಕೆ ಅದನ್ನು ಸುತ್ತಿ ತಾಯಿಯ ತೊಡೆಯ ಮೇಲಿಟ್ಟಳು. “ನಿನಗೋಸ್ಕರ ಹೇಳಿದ್ದಲ್ಲ ಕಣೋ. ನೀನು ಆಟದಲ್ಲಿ ಎದುರಿನೋರ ಕುತ್ತಿಗೆಗೆ ಕೈ ಹಾಕಿ ಉರುಳಿಸ್ತೀಯ, ಅದೂ ನೋಡಿದೀನಿ. ಇನ್ನೊಂದ್ಸಲ ಮಾಡಿದ್ರೆ ಅದೇ ಬಸ್ ಹತ್ತಿ ಹೋಗಿ ಹೇಳ್ತೀನಿ. ಈಗ ಉಂಡ್ಕೊಂಡು ಹೋಗು.”

ನಟಾನೋ ಮಾತ್ರ ಬರಲಿಲ್ಲ. ದೊಡ್ಡಮ್ಮನ ಮನೆಯ ಮುಂದಿನ ದಾರಿಯನ್ನೇ ಬಿಟ್ಟು ಬಳಸಿ ಹೋಗುತ್ತಿದ್ದ. ಮರುವರ್ಷವೂ ಅವನನ್ನೇ ನಾಯಕನನ್ನಾಗಿ ಮಾಡಿದರು. ನಾನು ಊರು ಬಿಡುವಾಗಲೂ ಅವನ ಕೊರಳಲ್ಲಿ ಹೂಮಾಲೆಯಿತ್ತು.

‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂದು ನಮ್ಮಲ್ಲಿ ಹೀಗಳೆಯುವುದುಂಟು. ಫಾಗಾಲುಪೆಯವರಿಗೆ ಕನ್ನಡ ಬರುತ್ತಿದ್ದರೆ ಅದನ್ನೇ ಆಡುತ್ತಿದ್ದರು. ಇಂಥವರು ಎಲ್ಲ ಊರಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ತಮ್ಮವರ ಮೇಲಿನ ಅಭಿಮಾನ ಅತಿಶಯವಾದುದರಿಂದಲೇ ಅವರು ತಮ್ಮವರ ಸುಳ್ಳನ್ನು ಸಹಿಸಲಾರರು. ಊರಿಗೋ ಅವರ ಅಭಿಮಾನ ಬೇಕು, ಅವರ ಕಣ್ಣು ಬೇಡ. ಅವರನ್ನು ಹೊರಗಿಟ್ಟು ಊರು ಆಟವನ್ನು ಮುಂದುವರಿಸುತ್ತದೆ, ಎಷ್ಟೋ ಸಲ ಗೆಲ್ಲುತ್ತದೆ ಕೂಡ. ಕೆಂಪು ಕಾರ್ಡು ಕಂಡ ಸಿಯಾವೋಸಿ ತಲೆ ತಗ್ಗಿಸಿ ಮೈದಾನದಿಂದ ಹೊರನಡೆದ ಆ ದಿನ ಊರೆಲ್ಲ ಚಪ್ಪಾಳೆ ತಟ್ಟಿತು. ಕಣ್ಣಾರೆ ಕಂಡಿದ್ದ ನಾನೂ ತಟ್ಟಿದೆ. ನನ್ನ ಪಕ್ಕದಲ್ಲಿ ಎರಡು ಕೈಗಳು ಮಾತ್ರ ಸುಮ್ಮನಿದ್ದವು.