ನೇರಳೆ ದೀಪದ ಪರೀಕ್ಷೆ

ಮೊನ್ನೆ ಹೋಟೆಲಿನಲ್ಲಿ ಬಾಯಿ ಮುಚ್ಚಿಕೊಂಡು ಕಾಫಿ ಕುಡಿದು ಎದ್ದು ಬಂದಿದ್ದರೆ ಧರ್ಮೇಶನ ಗಂಟೇನು ಹೋಗುತ್ತಿತ್ತು?

‘ನೇರಳೆ ದೀಪ ಹಿಡಿದ್ರೆ ಕೆಟ್ಟ ಕಾಫಿ ಬೀಜ ತಾನಾಗೇ ಹೊಳೀತದೆ’ ಅಂದುಬಿಟ್ಟಿದ್ದ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನ ಮಾತನ್ನು ಚಿಕ್ಕಮಗಳೂರಿನಲ್ಲಿ ಯಾರು ಕೇಳುತ್ತಾರೆ? ಮಲ್ಲೇಶ್ ಕೇಳಿದ್ದ. ಕೇಳಿದ್ದಷ್ಟೇ ಅಲ್ಲ, ದೀಪದ ಸಮೇತ ಅವನನ್ನು ಇವತ್ತು ಕಾಫಿ ಬೀಜ ಹದಮಾಡುವ ತನ್ನ ಕ್ಯೂರಿಂಗ್ ಶೆಡ್ಡಿಗೆ ಕರೆಸಿಕೊಂಡಿದ್ದ.

ಪರೀಕ್ಷೆ ನಂಜಮ್ಮನದು. ಇಪ್ಪತ್ತಾರು ವರ್ಷದಿಂದ ಅಲ್ಲಿ ಬೀಜ ಆರಿಸುತ್ತಿದ್ದವಳು.

“ಕಣ್ಣು ಮಂಜಾಗಿದೆ ಅಂತ ಮೇಸ್ತ್ರಿ ಹೇಳ್ತಾನೆ,” ಎಂದ ಮಲ್ಲೇಶ್. “ಅವಳು ಆರಿಸಿಟ್ಟ ರಾಶೀಲಿ ಕೆಟ್ಟದ್ದು ಸಿಕ್ರೆ ನಾಳೆಯಿಂದ ಬರೋದು ಬೇಡ ಅಂತೀನಿ. ನಂಗೂ ಸಂಕಟಾನೇ ಮಾರಾಯ್ರೇ. ಆದ್ರೆ ದೀಪ ಸುಳ್ಳು ಹೇಳಲ್ವಲ್ಲ?”

ಸುಳ್ಳು ಹೇಳುವುದಿಲ್ಲ, ನಿಜ. ಅರ್ಧ ಮಾತ್ರ ಹೇಳುತ್ತದೆ. ಸತುವಿನ ಆಕ್ಸೈಡಿನ ಹರಳುಗಳನ್ನು ನೋಡುತ್ತಲೇ ಆರು ವರ್ಷ ಸವೆಸಿ ಪಿಎಚ್.ಡಿ. ಪಡೆದ ಧರ್ಮೇಶನಿಗೆ ಅದು ಗೊತ್ತಿಲ್ಲವೇ? ಸಾಲಾಗಿ ಕೂತ ಪರಮಾಣುಗಳ ನಡುವೆ ಒಂದು ಜಾಗ ಖಾಲಿ ಬಿದ್ದರೆ ಹರಳು ಹಸಿರಾಗಿ ಹೊಳೆಯುತ್ತದೆ. ಇನ್ನೊಂದು ಬಗೆಯ ಊನ ಬೆಳಕನ್ನೆಲ್ಲ ನುಂಗಿ ಸುಮ್ಮನೆ ಬಿಸಿಯಾಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಜದ ಮಾತೂ ಅಷ್ಟೇ. ಹೊಳೆದದ್ದೆಲ್ಲ ಕೆಟ್ಟದ್ದಲ್ಲ. ಹೇಳಲು ಅರ್ಧ ನಿಮಿಷ ಸಾಕು.

“ಕಣ್ಣು ಚೆನ್ನಾಗೇ ಐತೆ ಸಾರ್,” ಎಂದಳು ನಂಜಮ್ಮ, ಯಾರೂ ಕೇಳದಿದ್ದರೂ. “ಚಳೀಗೆ ಒಂಚೂರು ನೀರು ಸುರೀತದೆ, ಅಷ್ಟೆ. ಈ ವಯಸ್ಸಲ್ಲಿ ನನ್ನ ಇನ್ಯಾರು ಕರೀತಾರೆ ಹೇಳಿ?”

ಧರ್ಮೇಶ ದೀಪದ ಗಾಜು ಒರೆಸುತ್ತ “ಹೂಂ,” ಎಂದ.

ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿದರು. ಮಲ್ಲೇಶ್ ದೀಪ ಹಿಡಿದ. ನಂಜಮ್ಮನ ರಾಶಿಯಲ್ಲಿ ಅಲ್ಲೊಂದು ಇಲ್ಲೊಂದು ಬೀಜ ತಿಳಿನೀಲಿಯಾಗಿ ಹೊಳೆಯಿತು. ಹತ್ತೋ ಹನ್ನೆರಡೋ ಇದ್ದವು.

“ಅಯ್ಯೋ ದೇವ್ರೇ!” ಎಂದಳು.

“ಇವೆಲ್ಲ ಕೆಟ್ಟವೇ ತಾನೇ ಮೇಷ್ಟ್ರೇ?” ಮಲ್ಲೇಶ್ ಕೇಳಿದ.

ಈಗ ಹೇಳಬೇಕು. ಹೇಳಿದರೆ ದೀಪ ನೆಚ್ಚಿಕೊಳ್ಳುವಂಥದ್ದಲ್ಲ ಎಂದಾಗುತ್ತದೆ. ಇಡೀ ಊರಿನಲ್ಲಿ ಅವನನ್ನು ನಂಬಿದವನು ಇವನೊಬ್ಬ.

“ಸಾಮಾನ್ಯವಾಗಿ... ಹಾಗಂತಾರೆ.”

ತನ್ನ ದನಿ ಕೇಳಿ ಅವನಿಗೇ ಹೇಸಿಗೆಯಾಯಿತು.

ನಂಜಮ್ಮ ಅಳಲಿಲ್ಲ. “ಹೊಳೆಯೋದ್ನ ತೆಗೀಬೇಕು, ಅಷ್ಟೇ ತಾನೇ? ತೆಗೀತೀನಿ, ನೋಡಿ ಸಾಹುಕಾರ್ರೇ,” ಎಂದು ಕುಕ್ಕರುಗಾಲಲ್ಲಿ ಕೂತು ಚಕಚಕನೆ ಆರಿಸಿದಳು. ಒಂದನ್ನೂ ಬಿಡಲಿಲ್ಲ. ರಾಶಿ ಪೂರಾ ಕಪ್ಪಾಯಿತು. ಮಲ್ಲೇಶ್ ದೀಪ ಮೇಲೆತ್ತಿದ. ಇನ್ನೇನಾದರೂ ಉಳಿಯಿತೇ ಎಂದು ಅವಳು ಎದ್ದು ನಿಂತು ಸುತ್ತ ಕಣ್ಣಾಡಿಸಿದಳು.

ಉಳಿದಿತ್ತು. ಧರ್ಮೇಶನ ಬಿಳಿ ಅಂಗಿ, ಸೋಪಿನ ಪುಡಿಯ ಮಹಿಮೆಯಿಂದ, ಆ ಕತ್ತಲಲ್ಲಿ ನೀಲಿಯಾಗಿ ಧಗಧಗಿಸುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಕೈ ಕಾಣುತ್ತಿರಲಿಲ್ಲ. ಬರೀ ಅಂಗಿ. ಅವನು ಹಿಂದೆ ಸರಿಯಲು ನೋಡಿದ. ಬೆನ್ನಿಗೆ ಗೋಡೆ ತಾಗಿತು.

ನಂಜಮ್ಮ ಹೆಬ್ಬೆರಳು ತೋರುಬೆರಳು ಜೋಡಿಸಿಕೊಂಡು, ಅವನ ಎದೆಯತ್ತ ಮೆಲ್ಲಗೆ ಕೈ ಚಾಚಿದಳು.