ಹಿಟ್ಟಿಲ್ಲದ ಗಾಳಿ

ಬೇಕರಿಯವನ ಹೆಂಡತಿ ಸಾಯುವ ಮುನ್ನ ಕೇಳಿಕೊಂಡದ್ದು ಒಂದೇ: ತನ್ನ ಬೂದಿಯನ್ನು ಊರಾಚೆಯ ಗುಡ್ಡದ ಬಂಡೆಯ ಬಳಿ ಚೆಲ್ಲಬೇಕು. ಮದುವೆಯಾದಂದಿನಿಂದಲೂ ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ಅವಳು ಹೋಗಿ ಕೂರುತ್ತಿದ್ದ ಜಾಗ ಅದು. ಅವನು ಮಾತ್ರ ಆ ಬಂಡೆಯನ್ನು ಕಂಡವನಲ್ಲ. ರಾತ್ರಿಯಿಡೀ ಒಲೆಯ ಮುಂದೆ ನಿಂತವನಿಗೆ ಮಧ್ಯಾಹ್ನವೇ ನಡುರಾತ್ರಿ. ಊರು ಅವನಿಗೆ ಗೂಬೆ ಎಂದು ಹೆಸರಿಟ್ಟಿತ್ತು. ಬೆಳಗಾದರೆ ಅದೇ ಊರು ಗೂಬೆಯ ಬ್ರೆಡ್ಡಿಗಾಗಿ ಸಾಲು ನಿಲ್ಲುತ್ತಿತ್ತು. "ಒಂದಿನ ಬಂದು ನೋಡ್ರೀ" ಎಂದು ಅವಳು ಕರೆದಾಗಲೆಲ್ಲ ಅವನು ಹೊದಿಕೆಯೊಳಗಿಂದಲೇ "ನಾಳೆ" ಎಂದಿದ್ದ.

ಈಗ ಹೊರಟಿದ್ದ. ಅಷ್ಟು ವರ್ಷ ಅವಳು ಅಲ್ಲಿ ಕಂಡದ್ದೇನು ಎಂಬುದು ಅವನಿಗೆ ತಿಳಿಯಲೇಬೇಕಿತ್ತು. ದಾರಿ ತೋರಿಸಲು ನಾದಿನಿ ಜೊತೆಗಿದ್ದಳು. ಅಕ್ಕನ ಜೊತೆ ಎಷ್ಟೋ ಸಲ ಬಂದು ಕೂತವಳು. ಅವನ ಕಂಕುಳಲ್ಲಿದ್ದುದನ್ನು ನೋಡಿ ಅವಳು ದಾರಿಯಲ್ಲೇ ನಿಂತಳು.

"ಭಾವ, ಅಕ್ಕನ್ನ ರಸ್ಕಿನ ಡಬ್ಬಿಗೆ ಹಾಕಿದ್ದೀರಾ?"

"ಗಾಳಿಯಾಡದ ಡಬ್ಬಿ ಅದೊಂದೇ ಇದ್ದದ್ದು. ಮೆತ್ತಗಾಗ್ಬಾರ್ದಲ್ಲ."

"ಅಕ್ಕ ಯಾವತ್ತು ಮೆತ್ತಗಾಗಿದ್ಲು, ಈಗ ಆಗೋಕೆ?"

ಏದುಸಿರು ಬಿಡುತ್ತ ಮೇಲೆ ತಲುಪಿದರೆ ಬಂಡೆ ಬೆಂಚಿನಷ್ಟಿತ್ತು. ಕೆಳಗೆ ಊರು, ನೀರಿನ ಟ್ಯಾಂಕು, ತಾರಸಿಗಳ ಮೇಲೆ ಒಣಹಾಕಿದ ಬಟ್ಟೆ. ಅವನು ಕಣ್ಣು ಕಿರಿದು ಮಾಡಿ ಬೇಕರಿಗಾಗಿ ಹುಡುಕಿದ. ಅದು ಟ್ಯಾಂಕಿನ ಹಿಂದೆ ಅಡಗಿತ್ತು. ಅವನಿಗೆ ಕೊಂಚ ಮುಖಭಂಗವಾಯಿತು.

"ಇಲ್ಲಿ ನೋಡೋಕೆ ಏನಿದೆಯಮ್ಮ?"

"ಏನೂ ಇಲ್ಲ ಭಾವ."

ಡಬ್ಬಿ ತೆರೆದು ಹಿಡಿ ತುಂಬಿಕೊಂಡ. ಮುಂದಿನದನ್ನು ಮಾಡಿದ್ದು ಅವನಲ್ಲ, ಅವನ ಕೈ. ನಾದಿದ ಹಿಟ್ಟು ಮೇಜಿಗೆ ಅಂಟದಿರಲೆಂದು ಆಯುಷ್ಯವಿಡೀ ಒಣಹಿಟ್ಟು ಉದುರಿಸಿದ ಮಣಿಕಟ್ಟು ಮಗ್ಗುಲಿಗೆ ಚಿಮ್ಮಿತು. ಬಂಡೆಯ ಒಂದು ತುದಿಯಲ್ಲಿ ತೆಳ್ಳನೆಯ, ಎಲ್ಲೂ ಹೆಚ್ಚುಕಡಿಮೆಯಿಲ್ಲದ ಪದರ ಕೂತಿತು. ಎರಡನೇ ಹಿಡಿಯೂ ಹಾಗೆಯೇ. ಇನ್ನು ಹಿಟ್ಟಿನುಂಡೆ ತಂದು ಬಡಿಯುವುದೊಂದೇ ಬಾಕಿ.

ನಾದಿನಿಗೆ ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

"ಭಾವ, ಅಕ್ಕ ಇಲ್ಲಿಗೆ ಬರ್ತಿದ್ದದ್ದೇ ಹಿಟ್ಟಿಲ್ಲದ ಗಾಳಿ ಬೇಕು ಅಂತ. ಬಂದವಳೇ ತಲೆ ಕೊಡವ್ತಿದ್ಲು, ಬಟ್ಟೆ ಕೊಡವ್ತಿದ್ಲು. ಮೂಗಿನೊಳಗೂ ನಿನ್ನ ಭಾವನ ಬೇಕರಿ ಇದೆ ಕಣೇ ಅಂತಿದ್ಲು."

"ನನಗೆ ಹೇಳ್ಲೇ ಇಲ್ಲ."

"ಹೇಳಿದ್ರೆ ಬೇಕರಿ ಮುಚ್ಚಿಬಿಡ್ತಿದ್ರಾ?"

ಅವನು ಮೂರನೆಯ ಹಿಡಿಯನ್ನು ಬೇರೆ ಥರ ಚೆಲ್ಲಲು ನೋಡಿದ. ಕೈಗೆ ಬೇರೆ ಥರ ಗೊತ್ತಿರಲಿಲ್ಲ. ಡಬ್ಬಿಯನ್ನು ನಾದಿನಿಗೆ ಕೊಟ್ಟ. ಅವಳು ಯಾವ ಕಸುಬೂ ಇಲ್ಲದವಳಂತೆ ಅದನ್ನು ಬಗ್ಗಿಸಿದಳು. ಒಂದಷ್ಟು ಹುಲ್ಲಿಗೆ ಬಿತ್ತು, ಒಂದಷ್ಟು ಗಾಳಿಗೆ ಹೋಯಿತು. ಅದೇ ಸರಿ ಎನಿಸಿತು ಅವನಿಗೆ.

"ಇಬ್ರೂ ಕೂತು ಏನು ಮಾತಾಡ್ತಿದ್ರಿ?"

"ಮಾತಾ? ನಾನು ಬಾಯಿ ತೆಗೆದ್ರೆ ತೊಡೆ ಚಿವುಟ್ತಿದ್ಲು. ಸುಮ್ನೆ ಕೂತಿರ್ತಿದ್ಲು, ಅಷ್ಟೇ."

ಅವನು ಕಂಡವಳು ಗಲ್ಲಾಪೆಟ್ಟಿಗೆಯ ಹಿಂದೆ ಅರಳು ಹುರಿದಂತೆ ಮಾತಾಡುತ್ತಿದ್ದವಳು. ಅವಳ ದನಿ ಕೇಳಿಸಿತೆಂದರೆ ಅವನಿಗೆ ಬೆಳಗಾಯಿತೆಂದು ಗೊತ್ತಾಗುತ್ತಿತ್ತು. ಸುಮ್ಮನಿದ್ದ ಅವಳನ್ನು ಅವನು ನೋಡಿದ್ದು ಆಸ್ಪತ್ರೆಯಿಂದ ಮನೆಗೆ ತಂದಾಗ ಮಾತ್ರ, ಅದು ಲೆಕ್ಕಕ್ಕಿಲ್ಲ. ತನ್ನ ಮನೆಯಲ್ಲೇ ಬಾಳಿ ತನ್ನ ಕಣ್ಣಿಗೆ ಬೀಳದೆ ಹೋದ ಆ ಇನ್ನೊಬ್ಬಳನ್ನು ಒಮ್ಮೆ ನೋಡಬೇಕೆಂಬ ಆಸೆ ಹಸಿವಿನ ಹಾಗೆ ಹೊಟ್ಟೆಯಿಂದಲೇ ಎದ್ದಿತು.

"ಹೇಗೆ ಕೂರ್ತಿದ್ಲು?"

"ಹೇಗೆ ಅಂದ್ರೆ?"

"ತೋರಿಸು."

"ಈ ವಯಸ್ಸಲ್ಲಿ ನನ್ನ ಕೈಲಿ ನಾಟಕ ಆಡಿಸ್ತೀರಲ್ಲ!"

ಆದರೂ ಚಪ್ಪಲಿ ಬಿಟ್ಟು ಬಂಡೆಯ ಬೂದಿ ಬೀಳದ ತುದಿಗೆ ಹತ್ತಿದಳು. ಊರಿಗೆ ಬೆನ್ನು ಮಾಡಿ ಕೂತಳು. ಆ ಕಡೆ ಇದ್ದದ್ದು ಬರೀ ಬಯಲು. ಅವಳು ಒಂದು ಕಾಲು ಮಡಿಸಿ, ಮಂಡಿಗೆ ಮೊಣಕೈ ಊರಿ, ಅಂಗೈಗೆ ಗಲ್ಲ ಇಟ್ಟಳು. ಭುಜ ಇಳಿಯಿತು. ಹಿಂದಿನಿಂದ ನೋಡಿದರೆ ಅಕ್ಕತಂಗಿಯರ ಕತ್ತು ಒಂದೇ ಅಚ್ಚು.

ಅವನು ಹತ್ತಿರ ಹೋಗಲಿಲ್ಲ. ಹತ್ತಿರ ಹೋದರೆ ಅವಳು ನಾದಿನಿಯಾಗಿಬಿಡುತ್ತಿದ್ದಳು.

"ಸಾಕಾ ಭಾವ?" ಅವಳು ತಿರುಗದೆಯೇ ಕೇಳಿದಳು.

"ಮಾತಾಡ್ಬೇಡ," ಎಂದ ಅವನು. "ಇನ್ನೊಂದು ಸ್ವಲ್ಪ."